ಸರ್ವರ್ ಡೌನ್ ಅನ್ನುವ ಮುನ್ನ

ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರ. ಬೆಂಗಳೂರಿನ ಪೂರ್ವ ಭಾಗದ ಈ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ನಿತ್ಯ ಕ್ರಯಪತ್ರ, ದಾನಪತ್ರ, ಅಡಮಾನ ಪತ್ರಗಳು ನೋಂದಣಿಯಾಗುತ್ತವೆ. ಫೋಟೊ, ಹೆಬ್ಬೆಟ್ಟು, ಸಾಕ್ಷಿಗಳ ಸಹಿ ಎಲ್ಲವೂ ಕಚೇರಿಯಲ್ಲೇ ನಡೆದರೂ ದಾಖಲೆ ಹುಟ್ಟುವುದು ಮಾತ್ರ 2023ರಲ್ಲಿ ಜಾರಿಗೆ ಬಂದ ಕಾವೇರಿ 2.0 ಎಂಬ ವೆಬ್ ತಂತ್ರಾಂಶದೊಳಗೆ. ರಾಜ್ಯದ ಇನ್ನೂರೈವತ್ತಕ್ಕೂ ಹೆಚ್ಚು ಉಪ ನೋಂದಣಿ ಕಚೇರಿಗಳು ಇದೊಂದನ್ನೇ ನಂಬಿಕೊಂಡಿವೆ. ಹಾಗಾಗಿ ಅದು ತಡವರಿಸಿದರೆ ಮನೆ ಕೊಳ್ಳುವವರು, ಮಾರುವವರು, ಸಾಲ ಕೊಡಬೇಕಾದ ಬ್ಯಾಂಕಿನವರು, ರಜೆ ಹಾಕಿ ಬಂದ ಸಾಕ್ಷಿಗಳು ಎಲ್ಲರೂ ಒಟ್ಟಿಗೆ ತಡವರಿಸುತ್ತಾರೆ. 2024ರ ಡಿಸೆಂಬರ್‌ನಲ್ಲಿ ಶುರುವಾದ ನಿಧಾನಗತಿ 2025ರ ಜನವರಿ, ಫೆಬ್ರವರಿಯಲ್ಲಿ ವಿಕೋಪಕ್ಕೆ ಹೋದಾಗ ಆದದ್ದು ಇದೇ. ಕಚೇರಿಗೆ ಬಂದ ಜನ ಕಾದು ಕಾದು ವಾಪಸಾದರು. ವಿಚಾರಣೆ ನಡೆದಾಗ ಇದು ದುರುದ್ದೇಶದ ದಾಳಿ ಎಂಬ ತೀರ್ಮಾನಕ್ಕೆ ಅಧಿಕಾರಿಗಳು ಬಂದರು, ಪೊಲೀಸರಿಗೆ ದೂರು ಹೋಯಿತು. ಯಾರೋ ನಕಲಿ ಖಾತೆಗಳನ್ನು ತೆರೆದು, ಋಣಭಾರ ಪ್ರಮಾಣಪತ್ರದ ಹುಡುಕಾಟದ ಮೇಲೆ ಯಂತ್ರಗಳ ಮೂಲಕ ಮನವಿಗಳ ಸುರಿಮಳೆ ಸುರಿಸಿದ್ದರು. ಆಗ ವರದಿಯಾದ ಪ್ರಕಾರ 62 ಇಮೇಲ್ ಖಾತೆಗಳು, 14 ಐಪಿ ವಿಳಾಸಗಳು, ಎರಡು ಗಂಟೆಯಲ್ಲಿ 6.2 ಲಕ್ಷ ಮನವಿಗಳು.

6.2 ಲಕ್ಷ ಎಂದಾಗ ಎದೆ ಝಲ್ಲೆನ್ನುತ್ತದೆ. ಆದರೆ ಎರಡು ಗಂಟೆಯೆಂದರೆ 7,200 ಸೆಕೆಂಡು. ಭಾಗಿಸಿ ನೋಡಿದರೆ ಸೆಕೆಂಡಿಗೆ ಸುಮಾರು 86 ಮನವಿ. ಇಂದಿನ ಒಂದು ಸಾಧಾರಣ ಸರ್ವರ್ ಪಾಲಿಗೆ, ಬರಿಯ ಎಣಿಕೆಯ ದೃಷ್ಟಿಯಿಂದ, ಇದು ದೊಡ್ಡ ಸಂಖ್ಯೆಯೇ ಅಲ್ಲ. ಸುದ್ದಿ ತಾಣವೊಂದರ ಮುಖಪುಟ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಭಾರವನ್ನು ಸಲೀಸಾಗಿ ಹೊರುತ್ತದೆ. ಹಾಗಿದ್ದ ಮೇಲೆ ಇಂಥ ಮಳೆಗೆ ವ್ಯವಸ್ಥೆಗಳು ಕುಸಿಯುವುದೇಕೆ? ಎಷ್ಟು ಮನವಿ ಬಂತು ಎಂಬುದಕ್ಕಿಂತ, ಒಂದೊಂದು ಮನವಿಯೂ ಡೇಟಾಬೇಸ್‌ನ ಒಂದು ಕನೆಕ್ಷನ್ನನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಂಡಿತು ಎಂಬುದೇ ಮುಖ್ಯ ಎನ್ನುವುದು ನನ್ನ ವಾದ. ಕೌಂಟರಿನಲ್ಲಿ 'ಸರ್ವರ್ ಡೌನ್' ಎಂಬ ಉತ್ತರ ಸಿಕ್ಕಿದಾಗ ನಾವು ಯಂತ್ರ ಕೆಟ್ಟಿತೆಂದುಕೊಳ್ಳುತ್ತೇವೆ. ಎಷ್ಟೋ ಸಲ ಯಂತ್ರ ಚೆನ್ನಾಗಿಯೇ ಇರುತ್ತದೆ. ಕನೆಕ್ಷನ್‌ಗಳು ಖಾಲಿಯಾಗಿರುತ್ತವೆ, ಅಷ್ಟೆ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ದುಡ್ಡು ಬೇಕು, ಎರಡನೆಯದಕ್ಕೆ ಶಿಸ್ತು ಬೇಕು.

ಕನೆಕ್ಷನ್ ಎಂದರೇನೆಂದು ತಿಳಿಯಲು ಒಂದೇ ಒಂದು ಹುಡುಕಾಟವನ್ನು ಹಿಂಬಾಲಿಸೋಣ. ಹಲಸೂರಿನಲ್ಲಿ ಫ್ಲಾಟ್ ಕೊಳ್ಳುವವರೊಬ್ಬರು ಆ ಆಸ್ತಿಯ ಮೇಲೆ ಹಳೆಯ ಸಾಲ, ವ್ಯಾಜ್ಯದ ಗುರುತು ಏನಾದರೂ ಇದೆಯೇ ಎಂದು ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ಹುಡುಕುತ್ತಾರೆ. ಆಸ್ತಿಯ ವಿವರ ಕೊಟ್ಟು, ಇಂತಿಂಥ ವರ್ಷದಿಂದ ಇಂತಿಂಥ ವರ್ಷದವರೆಗೆ ಎಂದು ನಮೂದಿಸಿ ಬಟನ್ ಒತ್ತುತ್ತಾರೆ. ವಹಿವಾಟು ಸಿಕ್ಕರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಈ ಮನವಿ ಮೊದಲು ಮುಟ್ಟುವುದು ವೆಬ್ ತಂತ್ರಾಂಶವನ್ನು. ಅದನ್ನು ಸಾಮಾನ್ಯವಾಗಿ ಜ್ಯಾಂಗೊ, ರೈಲ್ಸ್, ಸ್ಪ್ರಿಂಗ್, ಲಾರವೆಲ್‌ನಂಥ ಯಾವುದಾದರೂ ಫ್ರೇಮ್‌ವರ್ಕ್ ಬಳಸಿ ಕಟ್ಟಿರುತ್ತಾರೆ. ಲಾಗಿನ್, ಫಾರಂ, ಪುಟದ ಜೋಡಣೆ, ಡೇಟಾಬೇಸ್ ಜತೆಗಿನ ಮಾತುಕತೆ ಮುಂತಾಗಿ ಎಲ್ಲ ತಾಣಗಳಿಗೂ ಬೇಕಾದ ಕೆಲಸಗಳನ್ನು ಫ್ರೇಮ್‌ವರ್ಕ್ ಮೊದಲೇ ಮಾಡಿಟ್ಟಿರುತ್ತದೆ. ದಾಖಲೆಗಳಿರುವ ಡೇಟಾಬೇಸ್ ಮಾತ್ರ ಬೇರೊಂದು ಯಂತ್ರದಲ್ಲಿ ಇರುತ್ತದೆ. ಇಬ್ಬರೂ ಮಾತಾಡಬೇಕಾದರೆ ನಡುವೆ ಒಂದು ಕನೆಕ್ಷನ್ ತೆರೆಯಬೇಕು. ಜಾಲದ ಮೇಲೆ ಪರಸ್ಪರ ಗುರುತಿಸಿಕೊಳ್ಳಬೇಕು, ಗೂಢಲಿಪಿ ಒಪ್ಪಂದವಾಗಬೇಕು, ಪಾಸ್‌ವರ್ಡ್ ಪರೀಕ್ಷೆ ಮುಗಿಯಬೇಕು. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಆದರೆ ಪ್ರತಿ ಕನೆಕ್ಷನ್‌ಗೂ ಒಂದು ಪ್ರತ್ಯೇಕ ಪ್ರೊಸೆಸ್ಸನ್ನೇ ಹುಟ್ಟುಹಾಕಿ, ಅದಕ್ಕೆ ಹಲವು ಮೆಗಾಬೈಟ್ ನೆನಪಿನ ಜಾಗ ಕೊಡುತ್ತದೆ. ಸರಿಯಾದ ಇಂಡೆಕ್ಸ್ ಇದ್ದರೆ ಹುಡುಕಾಟವೇ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಅದಕ್ಕಾಗಿ ಮಾಡಿಕೊಂಡ ಸಿದ್ಧತೆಗೇ ಅದರ ಹಲವು ಪಟ್ಟು ಹೊತ್ತು ಹಿಡಿಯಬಹುದು.

ಈ ಸಿದ್ಧತೆಯನ್ನು ಪ್ರತಿ ಸಲ ಮಾಡುವುದು ವ್ಯರ್ಥ ಎಂದು ಎಲ್ಲರಿಗೂ ಹೊಳೆಯಿತು. ಆದರೂ ಫ್ರೇಮ್‌ವರ್ಕ್‌ಗಳು ಒಂದೇ ದಾರಿ ಹಿಡಿಯಲಿಲ್ಲ. ಪೈಥಾನ್ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಜ್ಯಾಂಗೊ ಇವತ್ತಿಗೂ, ನಾವು ಬೇರೆ ಹೇಳದಿದ್ದರೆ, ಪ್ರತಿ ಮನವಿಗೂ ಹೊಸ ಕನೆಕ್ಷನ್ ತೆರೆದು, ಉತ್ತರ ಕೊಟ್ಟ ಮೇಲೆ ಮುಚ್ಚುತ್ತದೆ. ಕನೆಕ್ಷನ್ನನ್ನು ಕೆಲಕಾಲ ಉಳಿಸಿಕೊಳ್ಳುವ ಅನುಕೂಲ ಅದಕ್ಕೆ ಬಂದದ್ದು 2013ರ 1.6ನೇ ಆವೃತ್ತಿಯಲ್ಲಿ, ಪೋಸ್ಟ್‌ಗ್ರೆಸ್‌ಗಾಗಿ ಪೂಲ್ ಎಂಬ ವ್ಯವಸ್ಥೆ ಒಳಗೇ ಸೇರಿದ್ದು 2024ರ 5.1ರಲ್ಲಿ. ಪೂಲ್ ಎಂದರೆ ಮೊದಲೇ ತೆರೆದಿಟ್ಟ ಕೆಲವೇ ಕನೆಕ್ಷನ್‌ಗಳ ಗುಂಪು. ಮನವಿ ಬಂದಾಗ ಒಂದನ್ನು ಎತ್ತಿಕೊಳ್ಳುವುದು, ಕೆಲಸ ಮುಗಿದ ಕೂಡಲೇ ಹಿಂತಿರುಗಿಸುವುದು, ಎಲ್ಲವೂ ಬಳಕೆಯಲ್ಲಿದ್ದರೆ ಸ್ವಲ್ಪ ಕಾಯುವುದು, ಕಾದರೂ ಸಿಗದಿದ್ದರೆ ತಪ್ಪಿನ ಸಂದೇಶ ಕೊಡುವುದು. ರೈಲ್ಸ್‌ನಲ್ಲಿ ಈ ಗುಂಪಿನ ಗಾತ್ರ ಮೂಲತಃ 5, ಕಾಯುವ ಅವಧಿ 5 ಸೆಕೆಂಡು. ಜಾವಾದ ಸ್ಪ್ರಿಂಗ್ ಬೂಟ್ 2018ರಿಂದ ಬಳಸುತ್ತಿರುವ ಹಿಕಾರಿ ಎಂಬ ಪೂಲ್‌ನಲ್ಲಿ ಗಾತ್ರ 10, ಕಾಯುವ ಅವಧಿ 30 ಸೆಕೆಂಡು. ಡೇಟಾಬೇಸ್ ಕಡೆಯ ಮಿತಿಯೂ ನೋಡಿ: ಪೋಸ್ಟ್‌ಗ್ರೆಸ್‌ನಲ್ಲಿ ಮೂಲ ಮಿತಿ 100, ಮೈಎಸ್‌ಕ್ಯೂಎಲ್‌ನಲ್ಲಿ 151. ಅಲ್ಲಿಗೆ ಮುಟ್ಟಿದ ಮೇಲೆ ಬರುವ ಹೊಸಬರನ್ನು ಅವು ಒಳಗೆ ಬಿಡುವುದಿಲ್ಲ.

ಇಷ್ಟು ಸಣ್ಣ ಸಂಖ್ಯೆಗಳೇ ಎಂದು ಆಶ್ಚರ್ಯಪಡುವವರ ಮೊದಲ ಆಕ್ಷೇಪ ಸಹಜವಾದದ್ದು. ಕೋಟಿಗಟ್ಟಲೆ ಜನರಿರುವ ರಾಜ್ಯಕ್ಕೆ ಹತ್ತೋ ನೂರೋ ಕನೆಕ್ಷನ್ ಸಾಕೇ? ಮಿತಿಯನ್ನು ಎರಡು ಸಾವಿರಕ್ಕೆ ಏರಿಸಿದರಾಯಿತಲ್ಲ? ಆಡಳಿತಗಾರರಿಗೂ ಟೆಂಡರ್ ಬರೆಯುವವರಿಗೂ ಈ ಉಪಾಯ ಬಹಳ ಪ್ರಿಯ. ಆದರೆ ಸಾಕ್ಷ್ಯ ಇದಕ್ಕೆ ತದ್ವಿರುದ್ಧವಾಗಿದೆ. ಒರಾಕಲ್ ಸಂಸ್ಥೆಯ ರಿಯಲ್ ವರ್ಲ್ಡ್ ಪರ್ಫಾರ್ಮೆನ್ಸ್ ತಂಡ ಮಾಡಿ ತೋರಿಸಿದ ಒಂದು ಪ್ರಯೋಗ ಈ ಕ್ಷೇತ್ರದವರಿಗೆ ಚಿರಪರಿಚಿತ. 9,600 ಬಳಕೆದಾರರ ಭಾರವನ್ನು ಕೃತಕವಾಗಿ ಸೃಷ್ಟಿಸಿ, ಉಳಿದೆಲ್ಲವನ್ನೂ ಇದ್ದಂತೆಯೇ ಬಿಟ್ಟು, ಪೂಲ್‌ನ ಗಾತ್ರವನ್ನು ಮಾತ್ರ 2,048ರಿಂದ ಹಂತ ಹಂತವಾಗಿ 96ಕ್ಕೆ ಇಳಿಸಿದರು. ಉತ್ತರ ಬರುವ ಸಮಯ ಸುಮಾರು 100 ಮಿಲಿಸೆಕೆಂಡಿನಿಂದ 2 ಮಿಲಿಸೆಕೆಂಡಿಗೆ ಇಳಿಯಿತು. ಯಂತ್ರ ಬದಲಾಗಲಿಲ್ಲ, ತಂತ್ರಾಂಶ ಬದಲಾಗಲಿಲ್ಲ. ಕಾರಣ ನಿಗೂಢವೇನಲ್ಲ. ಎಂಟು ಕೋರ್‌ಗಳ ಪ್ರೊಸೆಸರ್ ಒಂದು ಕ್ಷಣದಲ್ಲಿ ನಿಜವಾಗಿ ಮಾಡುವುದು ಎಂಟೇ ಕೆಲಸ. ಅದರ ಮೇಲೆ ಎರಡು ಸಾವಿರ ಕೆಲಸ ಹೇರಿದರೆ ಎಲ್ಲರಿಗೂ ಚೂರು ಚೂರು ಹೊತ್ತು ಹಂಚುತ್ತ, ಒಂದನ್ನು ಬಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳುವುದರಲ್ಲೇ ಅದರ ಶಕ್ತಿ ಸೋರಿಹೋಗುತ್ತದೆ. ಒಂದೇ ಕಡತಕ್ಕೆ, ಒಂದೇ ಬೀಗಕ್ಕೆ ಹಲವರು ಕಾಯುತ್ತಾರೆ. ಕ್ಯಾಶ್‌ನಲ್ಲಿದ್ದ ಮಾಹಿತಿ ತಳ್ಳಿಸಿಕೊಂಡು ಹೊರಹೋಗುತ್ತದೆ. ಅದಕ್ಕೇ ಪೋಸ್ಟ್‌ಗ್ರೆಸ್ ಬಳಗದವರು ಆರಂಭಕ್ಕೆಂದು ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ: ಕೋರ್‌ಗಳ ಸಂಖ್ಯೆಯ ಎರಡರಷ್ಟು, ಅದಕ್ಕೆ ಕೆಲಸದಲ್ಲಿರುವ ಡಿಸ್ಕ್‌ಗಳ ಸಂಖ್ಯೆ ಕೂಡಿಸಿ. ನಾಲ್ಕು ಕೋರ್, ಒಂದು ಡಿಸ್ಕ್ ಇದ್ದರೆ ಒಂಬತ್ತು. ಇದೇ ಕೊನೆಯ ಮಾತಲ್ಲ, ಅಳೆದು ನೋಡಿಯೇ ಹೆಚ್ಚುಕಡಿಮೆ ಮಾಡಬೇಕು. ಆದರೆ ಮೊದಲ ಅಂದಾಜು ಎರಡಂಕಿಯ ಆಸುಪಾಸಿನಲ್ಲಿರಬೇಕು, ನಾಲ್ಕಂಕಿಯಲ್ಲಿ ಅಲ್ಲ ಎಂಬುದು ಇದರಿಂದ ಸ್ಪಷ್ಟ.

ಕೆಲವೇ ಲೈನುಗಳನ್ನು ನೂರಾರು ಜನ ಹಂಚಿಕೊಳ್ಳುವ ಈ ಗಣಿತ ಕಂಪ್ಯೂಟರಿಗಿಂತ ಹಳೆಯದು. ಅದರ ಒಂದು ಹಳೆಯ ನೆಲೆ ಕೆ.ಆರ್. ಪುರದ ಬಳಿಯೇ ಇದೆ. 1948ರಲ್ಲಿ ಸ್ಥಾಪನೆಯಾದ, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ, ದೂರವಾಣಿನಗರದಲ್ಲಿ ತಲೆಯೆತ್ತಿತು. ಅಲ್ಲಿ ಫೋನುಗಳಷ್ಟೇ ಅಲ್ಲದೆ ಎಕ್ಸ್‌ಚೇಂಜ್‌ಗಳೂ ತಯಾರಾದವು, ಮೊದಲು ಸ್ಟ್ರೋಜರ್, ಆಮೇಲೆ ಕ್ರಾಸ್‌ಬಾರ್. ಎಕ್ಸ್‌ಚೇಂಜ್ ಕಟ್ಟುವವರ ಮುಂದಿದ್ದ ಪ್ರಶ್ನೆ ಇದು: ಊರಿನ ಎಲ್ಲ ಚಂದಾದಾರರಿಗೂ ಒಂದೊಂದು ಟ್ರಂಕ್ ಲೈನ್ ಎಳೆಯಲಾಗದು, ಹಾಗಾದರೆ ಎಷ್ಟು ಎಳೆದರೆ ಸಾಕು? ಇದಕ್ಕೆ ಉತ್ತರ ಕಂಡುಹಿಡಿದವನು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಗಣಿತಜ್ಞ ಆಗ್ನರ್ ಎರ್ಲಾಂಗ್. 1909ರಲ್ಲಿ ಅವನ ಮೊದಲ ಪ್ರಬಂಧ, 1917ರಲ್ಲಿ ಪ್ರಸಿದ್ಧ ಸೂತ್ರ. ಸರಾಸರಿ ಹತ್ತು ಕರೆಗಳು ಏಕಕಾಲದಲ್ಲಿ ನಡೆಯುವಷ್ಟು ಬೇಡಿಕೆ ಇದೆ ಎಂದುಕೊಳ್ಳಿ. ಹತ್ತೇ ಲೈನಿದ್ದರೆ ನೂರರಲ್ಲಿ ಇಪ್ಪತ್ತೊಂದು ಕರೆ ಸೇರುವುದಿಲ್ಲ. ಹದಿನೈದು ಲೈನಿದ್ದರೆ ನಾಲ್ಕಕ್ಕಿಂತ ಕಡಿಮೆ. ಇಪ್ಪತ್ತು ಇದ್ದರೆ ಸಾವಿರಕ್ಕೆ ಎರಡರಷ್ಟು ಮಾತ್ರ. ಅಲ್ಲಿಂದಾಚೆ ಎಷ್ಟು ಸೇರಿಸಿದರೂ ಪ್ರಯೋಜನ ಅತ್ಯಲ್ಪ. ಇನ್ನೂ ಒಂದು ವಿಶೇಷವಿದೆ. ಹತ್ತು ಹತ್ತು ಕರೆಗಳ ಬೇಡಿಕೆಯಿರುವ ಎರಡು ಪ್ರದೇಶಗಳಿಗೆ ಹದಿನೈದು ಹದಿನೈದು ಲೈನು ಬೇರೆ ಬೇರೆಯಾಗಿ ಕೊಡುವ ಬದಲು ಮೂವತ್ತನ್ನೂ ಒಟ್ಟು ಸೇರಿಸಿ ಹಂಚಿಕೊಳ್ಳಲು ಬಿಟ್ಟರೆ, ವಿಫಲವಾಗುವ ಕರೆಗಳು ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯುತ್ತವೆ. ಲೈನು ಅಷ್ಟೇ, ಸೇವೆ ನಾಲ್ಕು ಪಟ್ಟು ಉತ್ತಮ. ರಾಜ್ಯದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ವಿಸ್ತರಿಸಿದ 'ಎಲ್ಲಿ ಬೇಕಾದರೂ ನೋಂದಣಿ' ವ್ಯವಸ್ಥೆಯ ಹಿಂದೆಯೂ ಇದೇ ತರ್ಕವಿದೆ. ಕೆಲವು ಕಚೇರಿಗಳಲ್ಲಿ ನೂಕುನುಗ್ಗಲು, ಕೆಲವು ಕಡೆ ಬಿಡುವು. ಹಂಚಿಕೊಂಡರೆ ಇಬ್ಬರಿಗೂ ಹಗುರ. ಪೂಲ್ ಕಂಡುಹಿಡಿದ ತಂತ್ರಾಂಶದವರು ಹೊಸದೇನನ್ನೂ ಮಾಡಲಿಲ್ಲ, ಎಕ್ಸ್‌ಚೇಂಜಿನವರು ಬಲ್ಲ ಸತ್ಯವನ್ನೇ ಬೇರೆ ಜಾಗಕ್ಕೆ ತಂದರು.

ಎರ್ಲಾಂಗ್‌ನ ಲೆಕ್ಕದಲ್ಲಿ ಬೇಡಿಕೆಯೆಂದರೆ ಕರೆಗಳ ಸಂಖ್ಯೆಯೊಂದೇ ಅಲ್ಲ, ಸಂಖ್ಯೆಯನ್ನು ಮಾತಿನ ಅವಧಿಯಿಂದ ಗುಣಿಸಿದ್ದು. ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸ 1961ರಲ್ಲಿ ಸಾಧಿಸಿದ ನಿಯಮವೂ ಇದನ್ನೇ ಹೇಳುತ್ತದೆ. ಸೆಕೆಂಡಿಗೆ ಬರುವ ಮನವಿಗಳನ್ನು, ಒಂದೊಂದು ಮನವಿ ಕನೆಕ್ಷನ್ ಹಿಡಿಯುವ ಹೊತ್ತಿನಿಂದ ಗುಣಿಸಿದರೆ, ಸರಾಸರಿ ಎಷ್ಟು ಕನೆಕ್ಷನ್ ಬಳಕೆಯಲ್ಲಿರುತ್ತವೆ ಎಂದು ತಿಳಿಯುತ್ತದೆ. ಈಗ ಆ ಸೆಕೆಂಡಿಗೆ 86 ಮನವಿಗಳ ಲೆಕ್ಕಕ್ಕೆ ಮರಳೋಣ. ಹುಡುಕಾಟ 50 ಮಿಲಿಸೆಕೆಂಡಿನಲ್ಲಿ ಮುಗಿಯುವ ಒಂದು ವ್ಯವಸ್ಥೆಯಲ್ಲಿ ಅಷ್ಟಕ್ಕೂ ಬೇಕಾಗುವುದು ಸರಾಸರಿ ನಾಲ್ಕೋ ಐದೋ ಕನೆಕ್ಷನ್. ಅದೇ ಹುಡುಕಾಟ ಒಂದು ಸೆಕೆಂಡು ತೆಗೆದುಕೊಂಡರೆ 86. ಮೂರು ಸೆಕೆಂಡಾದರೆ 258. ಪೋಸ್ಟ್‌ಗ್ರೆಸ್‌ನ ಮೂಲ ಮಿತಿ ಯಾವಾಗಲೋ ದಾಟಿಹೋಯಿತು. ಬೆಂಗಳೂರಿನಲ್ಲಿ ಗಣಕದಲ್ಲಿ ಸಿಗುವ ಇಸಿ 2004ರ ಏಪ್ರಿಲ್‌ನಿಂದೀಚಿನದು. ಅಂದರೆ ಎರಡು ದಶಕದ ವಹಿವಾಟುಗಳಲ್ಲಿ, ಹಲವು ಬಗೆಯ ಕಾಗುಣಿತದಲ್ಲಿರುವ ಹೆಸರು, ವಿಳಾಸಗಳ ನಡುವೆ ಹುಡುಕಬೇಕು. ಇಂಥ ಹುಡುಕಾಟ ಭಾರವಾಗುವುದು ಸುಲಭ. ದಾಳಿಕೋರರು ಮುಖಪುಟವನ್ನು ಬಿಟ್ಟು ಇಸಿಯನ್ನೇ ಆರಿಸಿಕೊಂಡದ್ದರಲ್ಲಿ ಈ ತಿಳಿವಳಿಕೆ ಕಾಣುತ್ತದೆ. ಇನ್ನೊಂದು ಮಾತು: ಭಾರ ಹೆಚ್ಚಿದಂತೆ ಪ್ರತಿ ಹುಡುಕಾಟವೂ ನಿಧಾನವಾಗುತ್ತದೆ, ನಿಧಾನವಾದಂತೆ ಇನ್ನಷ್ಟು ಕನೆಕ್ಷನ್ ಬೇಕಾಗುತ್ತದೆ, ಅದರಿಂದ ಭಾರ ಮತ್ತೂ ಹೆಚ್ಚುತ್ತದೆ. ಹೀಗಾಗಿ ಇಂಥ ವ್ಯವಸ್ಥೆಗಳು ಮೆಲ್ಲಗೆ ಬಳಲುವುದಿಲ್ಲ, ಒಂದು ಹಂತದವರೆಗೆ ನೆಟ್ಟಗಿದ್ದು ಏಕಾಏಕಿ ನಿಂತುಬಿಡುತ್ತವೆ.

ಹುಡುಕಾಟ ಚುರುಕಾಗಿದ್ದರೂ ಕನೆಕ್ಷನ್ನನ್ನು ವೃಥಾ ಹಿಡಿದುಕೊಳ್ಳುವ ದುರಭ್ಯಾಸ ತಂತ್ರಾಂಶಗಳಲ್ಲಿ ಸಾಮಾನ್ಯ. ನೋಂದಣಿ ಕಚೇರಿಯ ಫೋಟೊ ಕೌಂಟರಿನ ಮುಂದೆ ಕುಳಿತವರು ಎದ್ದೇಳದೆ, 'ಸಾಕ್ಷಿ ಬರ್ತಿದ್ದಾರೆ, ಟ್ರಾಫಿಕ್‌ನಲ್ಲಿದ್ದಾರೆ' ಎಂದು ಫೋನ್ ಹಿಡಿದು ಕೂತರೆ ಹಿಂದಿನ ಸಾಲಿಗೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ತಂತ್ರಾಂಶ ಡೇಟಾಬೇಸ್‌ನಲ್ಲಿ ಒಂದು ವಹಿವಾಟನ್ನು ಆರಂಭಿಸಿ, ಅದರ ನಡುವೆ ಹಣ ಪಾವತಿಯ ದ್ವಾರಕ್ಕೋ, ಆಧಾರ್ ಒಟಿಪಿಗೋ, ಎಸ್ಸೆಮ್ಮೆಸ್ ಕಳಿಸುವ ಕಂಪನಿಗೋ ಕರೆ ಮಾಡಿ, ಉತ್ತರಕ್ಕಾಗಿ ಕಾಯುತ್ತದೆ. ಅಷ್ಟು ಹೊತ್ತೂ ಕನೆಕ್ಷನ್ ಅದರ ಕೈಯಲ್ಲೇ. ಡೇಟಾಬೇಸ್‌ಗೆ ಕೆಲಸವಿಲ್ಲ, ಆದರೆ ಬಿಡುವೂ ಇಲ್ಲ. ಪೋಸ್ಟ್‌ಗ್ರೆಸ್‌ನ ಪಟ್ಟಿ ತೆರೆದು ನೋಡಿದರೆ ಇಂಥವುಗಳ ಮುಂದೆ 'ಐಡಲ್ ಇನ್ ಟ್ರಾನ್ಸಾಕ್ಷನ್' ಎಂದು ಬರೆದಿರುತ್ತದೆ. ಆ ಸಾಲುಗಳು ಹತ್ತಾರು ಕಂಡರೆ ರೋಗ ಎಲ್ಲಿದೆಯೆಂದು ಗೊತ್ತಾಯಿತೆಂದೇ ಅರ್ಥ. 2016ರ 9.6ನೇ ಆವೃತ್ತಿಯಿಂದ ಇಂಥವುಗಳನ್ನು ನಿಗದಿತ ಅವಧಿಯ ನಂತರ ಕತ್ತರಿಸುವ ಸೌಲಭ್ಯವಿದೆ. ಆದರೆ ಹಾಗೆ ಕತ್ತರಿಸುವುದು ಕೊನೆಯ ಉಪಾಯ. ಸರಿಯಾದ ಮದ್ದೆಂದರೆ ಮೊದಲು ಬರೆದಿಟ್ಟು ಕನೆಕ್ಷನ್ ಬಿಟ್ಟುಕೊಟ್ಟು, ಹೊರಗಿನವರ ಉತ್ತರ ಬಂದ ಮೇಲೆ ಮತ್ತೆ ಎತ್ತಿಕೊಂಡು ಮುಂದಿನದನ್ನು ಬರೆಯುವುದು. ಇನ್ನೊಂದು ಬಗೆಯ ಸೋರಿಕೆಯೂ ಇದೆ. ಎಲ್ಲವೂ ಸುಸೂತ್ರವಾದಾಗ ಕನೆಕ್ಷನ್ ವಾಪಸ್ ಕೊಡುವ ತಂತ್ರಾಂಶ, ನಡುವೆ ದೋಷ ಬಂದಾಗ ಕೊಡುವುದನ್ನು ಮರೆಯುತ್ತದೆ. ದಿನಕ್ಕೊಂದು ಎರಡು ಹೀಗೆ ಕಳೆದುಹೋದರೆ ಹತ್ತರ ಪೂಲ್ ಒಂದು ವಾರದಲ್ಲಿ ಖಾಲಿ. ಆಗ ಯಾರೋ ಬಂದು ಯಂತ್ರವನ್ನು ಆರಿಸಿ ಹಚ್ಚುತ್ತಾರೆ, ಎಲ್ಲವೂ ಸರಿಹೋದಂತೆ ಕಾಣುತ್ತದೆ, ಮುಂದಿನ ವಾರ ಮತ್ತೆ ಅದೇ ಕತೆ.

ತದ್ವಿರುದ್ಧ ತೊಂದರೆಯನ್ನೂ ಹೇಳಬೇಕು. ಉಳಿಸಿಕೊಂಡ ಕನೆಕ್ಷನ್ ಯಾವಾಗಲೂ ಜೀವಂತವಾಗಿರುತ್ತದೆಂಬ ಖಾತರಿಯಿಲ್ಲ. ಮೈಎಸ್‌ಕ್ಯೂಎಲ್ ಸುಮ್ಮನಿರುವ ಕನೆಕ್ಷನ್ನನ್ನು ಮೂಲತಃ 28,800 ಸೆಕೆಂಡು, ಅಂದರೆ ಎಂಟು ಗಂಟೆ ಕಾದು ಮುಚ್ಚುತ್ತದೆ. ಸಂಜೆ ಐದೂವರೆಗೆ ಮುಚ್ಚಿ ಬೆಳಿಗ್ಗೆ ಹತ್ತಕ್ಕೆ ತೆರೆಯುವ ಒಂದು ಕಚೇರಿಯ ಒಳಬಳಕೆಯ ತಂತ್ರಾಂಶವನ್ನು ಊಹಿಸಿಕೊಳ್ಳಿ. ರಾತ್ರಿ ಯಾರೂ ಬಳಸಿಲ್ಲ. ಡೇಟಾಬೇಸ್ ತನ್ನ ಕಡೆಯಿಂದ ಮುಚ್ಚಿದೆ. ತಂತ್ರಾಂಶಕ್ಕೆ ಅದು ಗೊತ್ತಿಲ್ಲ. ಬೆಳಿಗ್ಗೆ ಮೊದಲು ಬಂದವರಿಗೆ ತಪ್ಪಿನ ಸಂದೇಶ, ಎರಡನೆಯವರಿಗೆ ಎಲ್ಲ ಸರಿ. ದಿನಾ ಬೆಳಿಗ್ಗೆ ಮೊದಲ ಸಲ ಬರಲ್ಲ, ಎರಡನೇ ಸಲ ಬರುತ್ತೆ ಎಂದು ಸಿಬ್ಬಂದಿ ಒಗ್ಗಿಕೊಂಡುಬಿಡುತ್ತಾರೆ. ಕೊಡುವ ಮೊದಲು ಕನೆಕ್ಷನ್ ಬದುಕಿದೆಯೇ ಎಂದು ಮುಟ್ಟಿ ನೋಡುವ ಸೌಕರ್ಯ ಜ್ಯಾಂಗೊದಲ್ಲಿ 2022ರ 4.1ನೇ ಆವೃತ್ತಿಯಿಂದ ಇದೆ. ಹಿಕಾರಿ ಪ್ರತಿ ಕನೆಕ್ಷನ್ನನ್ನೂ ಮೂಲತಃ ಮೂವತ್ತು ನಿಮಿಷಕ್ಕೆ ನಿವೃತ್ತಿಗೊಳಿಸಿ ಹೊಸದನ್ನು ತರುತ್ತದೆ. ಇವನ್ನೆಲ್ಲ ಹಾಕಿಕೊಳ್ಳಲು ಒಂದು ಸಾಲಿನ ಬದಲಾವಣೆ ಸಾಕು. ಹಾಕದೆ ಬಿಟ್ಟ ಕಡೆ ತೊಂದರೆ ವರ್ಷಗಟ್ಟಲೆ ಉಳಿಯುತ್ತದೆ.

ಎರಡನೆಯ ಆಕ್ಷೇಪ ಹೊಸ ಕಾಲದ್ದು. ಈಗ ಎಲ್ಲವೂ ಕ್ಲೌಡ್‌ನಲ್ಲಿದೆ, ಭಾರ ಹೆಚ್ಚಾದರೆ ಸರ್ವರ್‌ಗಳು ತಾವಾಗಿಯೇ ಹೆಚ್ಚುತ್ತವೆ, ಇನ್ನು ಈ ಲೆಕ್ಕಾಚಾರ ಏಕೆ ಎನ್ನುತ್ತಾರೆ. ಹೆಚ್ಚುವುದು ವೆಬ್ ತಂತ್ರಾಂಶದ ಪ್ರತಿಗಳು. ಹಿಂದಿರುವ ಡೇಟಾಬೇಸ್ ಒಂದೇ. ಒಂದು ಆಸ್ತಿಯನ್ನು ಇಬ್ಬರಿಗೆ ಮಾರದಂತೆ ನೋಡಿಕೊಳ್ಳಬೇಕಾದ ದಾಖಲೆಯನ್ನು ಹತ್ತು ಕಡೆ ಹರಡಿ ಬರೆಯುವುದು ಸುಲಭವಲ್ಲ. ಐದು ಯಂತ್ರಗಳಿದ್ದವು, ಒಂದೊಂದರಲ್ಲಿ ನಾಲ್ಕು ಪ್ರೊಸೆಸ್, ಒಂದೊಂದಕ್ಕೆ ಹತ್ತು ಕನೆಕ್ಷನ್‌ನ ಪೂಲ್ ಎಂದುಕೊಳ್ಳಿ, ಒಟ್ಟು 200. ನೂಕುನುಗ್ಗಲು ಬಂತು, ಯಂತ್ರಗಳು ಇಪ್ಪತ್ತಾದವು, ಈಗ 800. ನೆರವಿಗೆಂದು ಬಂದ ಪ್ರತಿ ಯಂತ್ರವೂ ಅದೇ ಬಡಪಾಯಿ ಡೇಟಾಬೇಸ್‌ನ ಮೇಲೆ ಇನ್ನೂ ನಲವತ್ತು ಕೈಗಳನ್ನು ಚಾಚಿತು. ಕ್ಲೌಡ್ ಈ ತೊಂದರೆಯನ್ನು ಕಳೆಯುವುದಿಲ್ಲ, ವೇಗವಾಗಿ ಬೆಳೆಸುತ್ತದೆ. ಇದಕ್ಕೆ ಪರಿಹಾರ, ಎಲ್ಲ ಯಂತ್ರಗಳಿಗೂ ಡೇಟಾಬೇಸ್‌ಗೂ ನಡುವೆ ಒಂದು ಸಾಮಾನ್ಯ ಪೂಲ್ ನಿಲ್ಲಿಸುವುದು. ಸ್ಕೈಪ್ ಕಂಪನಿಯಲ್ಲಿ ಹುಟ್ಟಿ 2007ರಲ್ಲಿ ಹೊರಬಂದ ಪಿಜಿಬೌನ್ಸರ್ ಮಾಡುವುದು ಈ ಕೆಲಸವನ್ನೇ. ಸಾವಿರಾರು ಕನೆಕ್ಷನ್‌ಗಳನ್ನು ತನ್ನ ಕಡೆ ತಾನು ಹಿಡಿದುಕೊಂಡು, ಡೇಟಾಬೇಸ್‌ಗೆ ಇಪ್ಪತ್ತೋ ಮೂವತ್ತನ್ನೋ ಮಾತ್ರ ತೆರೆಯುತ್ತದೆ. ಒಂದು ವಹಿವಾಟು ಮುಗಿದ ಕೂಡಲೇ ಅದೇ ಕನೆಕ್ಷನ್ ಇನ್ನೊಬ್ಬರ ಕೈಗೆ ಹೋಗುತ್ತದೆ. ಇದಕ್ಕೂ ಬೆಲೆಯಿದೆ. ಒಂದೇ ಕನೆಕ್ಷನ್ ಕೊನೆತನಕ ತನ್ನದೇ ಎಂದು ನಂಬಿ ಬರೆದ ತಂತ್ರಾಂಶದ ಕೆಲವು ಭಾಗಗಳು ಮುರಿಯುತ್ತವೆ, ತಿದ್ದಬೇಕಾಗುತ್ತದೆ. ಕೊಡಬೇಕಾದ ಬೆಲೆ ಅದು.

ಹಂಚಿಕೊಳ್ಳುವುದು ಒಳ್ಳೆಯದೆಂದ ಮಾತ್ರಕ್ಕೆ ಎಲ್ಲವನ್ನೂ ಒಂದೇ ಗುಂಪಿಗೆ ಹಾಕುವುದೂ ತಪ್ಪು. ಎರ್ಲಾಂಗ್‌ನ ಲೆಕ್ಕ ಕರೆಗಳೆಲ್ಲ ಒಂದೇ ಬಗೆಯವು ಎಂದು ಭಾವಿಸುತ್ತದೆ. ಆದರೆ ಇಸಿ ಹುಡುಕಾಟ ಬೇರೆ, ನೋಂದಣಿ ಬೇರೆ. ಮೊದಲನೆಯದು ಓದುವ ಕೆಲಸ, ಯಾರು ಎಲ್ಲಿಂದಲಾದರೂ ಎಷ್ಟು ಸಲವಾದರೂ ಮಾಡಬಹುದು, ಹತ್ತು ನಿಮಿಷ ತಡವಾದರೆ ಪ್ರಪಂಚ ಮುಳುಗದು. ಎರಡನೆಯದು ಬರೆಯುವ ಕೆಲಸ. ಕೊಳ್ಳುವವರು, ಮಾರುವವರು, ಸಾಕ್ಷಿಗಳು ಎದುರಿಗೇ ಕುಳಿತಿದ್ದಾರೆ, ಶುಲ್ಕ ಕಟ್ಟಿಯಾಗಿದೆ. ಇಬ್ಬರೂ ಒಂದೇ ಪೂಲ್‌ನಿಂದ ಎತ್ತಿಕೊಳ್ಳುವಂತೆ ಕಟ್ಟಿದ ಯಾವುದೇ ವ್ಯವಸ್ಥೆಯಲ್ಲಿ, ಓದುವವರ ದಾಳಿ ಬರೆಯುವವರ ಕೆಲಸವನ್ನು ನಿಲ್ಲಿಸುತ್ತದೆ. ಆದ್ದರಿಂದ ಸಾರ್ವಜನಿಕ ದಾಖಲೆಗಳ ತಾಣಗಳಲ್ಲಿ ಹುಡುಕಾಟಕ್ಕೆ ಡೇಟಾಬೇಸ್‌ನ ಪ್ರತ್ಯೇಕ ಪ್ರತಿ, ಪ್ರತ್ಯೇಕ ಪೂಲ್, ಅದಕ್ಕೊಂದು ಕಟ್ಟುನಿಟ್ಟಾದ ಮಿತಿ ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಇಸಿ ನಿಂತರೂ ನೋಂದಣಿ ನಡೆಯಬೇಕು. ಒಬ್ಬ ಬಳಕೆದಾರ ಏಕಕಾಲಕ್ಕೆ ಎಷ್ಟು ಹುಡುಕಾಟ ಮಾಡಬಹುದೆಂಬುದಕ್ಕೂ ಮಿತಿ ಬೇಕು. 62 ಖಾತೆಗಳು ಒಂದೊಂದು ಹೊತ್ತಿಗೆ ಒಂದೇ ಹುಡುಕಾಟ ಮಾಡುವಂತಿದ್ದರೆ, ಅವು ಎಷ್ಟೇ ಗದ್ದಲ ಮಾಡಿದರೂ ಹಿಡಿಯಬಲ್ಲದ್ದು 62 ಕನೆಕ್ಷನ್‌ಗಳನ್ನು ಮಾತ್ರ. ರೈಲ್ವೆ ಕಲಿತ ಪಾಠವೂ ಇದೇ. ದಂಡು ರೈಲು ನಿಲ್ದಾಣದ ಕೌಂಟರಿನ ಮುಂದೆ ತತ್ಕಾಲ್ ಟಿಕೆಟ್‌ಗೆ ನಿಂತವರೂ ಇಂದಿರಾನಗರದ ಮನೆಯಲ್ಲಿ ಮೊಬೈಲ್ ಹಿಡಿದವರೂ ಬೆಳಿಗ್ಗೆ ಹತ್ತಕ್ಕೆ ಅದೇ ಸೀಟುಗಳಿಗಾಗಿ ಸ್ಪರ್ಧಿಸುತ್ತಾರೆ. ಆ ಮೊದಲ ಐದು ನಿಮಿಷದಲ್ಲಿ ಲಾಗಿನ್ ಆಗಲು ಯತ್ನಿಸುವವರಲ್ಲಿ ಅರ್ಧದಷ್ಟು ಯಂತ್ರಗಳೇ ಇರುತ್ತಿದ್ದವೆಂದು ರೈಲ್ವೆ ಸಚಿವಾಲಯವೇ 2025ರ ಜೂನ್‌ನಲ್ಲಿ ಹೇಳಿತು. ಅವನ್ನು ಹೊರಗಿಡುವ ವ್ಯವಸ್ಥೆ ಬಂದ ಮೇಲೆ, ಮೇ 22ರಂದು ಒಂದೇ ನಿಮಿಷದಲ್ಲಿ 31,814 ಟಿಕೆಟ್ ಕಾದಿರಿಸಿದ ದಾಖಲೆಯೂ ಆಯಿತು.

ಈಗ ಅತ್ಯಂತ ಗಟ್ಟಿಯಾದ ಆಕ್ಷೇಪಕ್ಕೆ ಬರಬೇಕು. ಮಿತಿ ಹಾಕುವುದೆಂದರೆ ಯಾರನ್ನೋ ಹೊರಗೆ ನಿಲ್ಲಿಸುವುದು. ಖಾಸಗಿ ಅಂಗಡಿ ಹಾಗೆ ಮಾಡಬಹುದು, ಸರ್ಕಾರ ಮಾಡಬಹುದೇ? ದಿನಗೂಲಿ ಬಿಟ್ಟು ಬಂದವರಿಗೆ 'ಈಗ ಆಗಲ್ಲ' ಎನ್ನುವುದು ನ್ಯಾಯವೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ನೋಡಲಾರೆ. ಸೇವೆ ಸಿಗದೆ ಹೋದಾಗ ಹೆಚ್ಚು ಕಳೆದುಕೊಳ್ಳುವವರು ಯಾವಾಗಲೂ ಮತ್ತೊಂದು ದಿನ ಬರಲಾಗದವರೇ. ಆದರೆ ಮಿತಿ ಇಲ್ಲದ ವ್ಯವಸ್ಥೆ ಅವರನ್ನು ಒಳಗೆ ಬಿಡುತ್ತದೆಯೇ? ಇಲ್ಲ. ಒಳಗೆ ಬಿಟ್ಟಂತೆ ಮಾಡಿ, ಪರದೆಯ ಮೇಲೆ ಸುತ್ತುವ ಚಕ್ರ ತೋರಿಸಿ, ಎರಡು ನಿಮಿಷದ ನಂತರ ಖಾಲಿ ಪುಟ ಕೊಡುತ್ತದೆ. ಕಾಯುವವರು ಸಹಜವಾಗಿಯೇ ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತಾರೆ. ಬಿಟ್ಟುಹೋದ ಹಳೆಯ ಮನವಿ ಎಷ್ಟೋ ಸಲ ಡೇಟಾಬೇಸ್‌ನೊಳಗೆ ಇನ್ನೂ ಓಡುತ್ತಲೇ ಇರುತ್ತದೆ; ಯಾರಿಗೂ ಬೇಡವಾದ ಉತ್ತರಕ್ಕಾಗಿ ಒಂದು ಕನೆಕ್ಷನ್ ದುಡಿಯುತ್ತಿರುತ್ತದೆ. ಒಬ್ಬರು ಮೂವರಾಗುತ್ತಾರೆ. ಕೊನೆಗೆ ಯಾರಿಗೂ ಸೇವೆಯಿಲ್ಲ, ಅದರಲ್ಲೂ ಶುಲ್ಕ ಕಟ್ಟಿ ರಶೀದಿ ಬಾರದೆ ನಡುನೀರಲ್ಲಿ ಸಿಕ್ಕವರ ಪಾಡು ಎಲ್ಲಕ್ಕಿಂತ ಕಷ್ಟ. ಮಿತಿಯೊಳಗಿನ ವ್ಯವಸ್ಥೆ ನೂರರಲ್ಲಿ ಎಂಬತ್ತು ಜನರ ಕೆಲಸವನ್ನು ಪೂರ್ತಿ ಮುಗಿಸುತ್ತದೆ, ಇಪ್ಪತ್ತು ಜನರಿಗೆ ಎರಡು ಸೆಕೆಂಡಿನೊಳಗೆ ನೇರವಾಗಿ ಹೇಳುತ್ತದೆ. ಆ ಇಪ್ಪತ್ತು ಜನರ ಋಣ ತೀರಿಸುವ ಹೊಣೆ ಮಾತ್ರ ಸರ್ಕಾರದ್ದೇ. ಅವರು ತುಂಬಿದ ವಿವರ ಉಳಿದಿದೆ ಎಂದು ಕನ್ನಡದಲ್ಲಿ ತಿಳಿಸಬೇಕು. ಕಟ್ಟಿದ ಹಣದ ಸ್ಥಿತಿ ತೋರಿಸಬೇಕು. ಸರದಿಯ ಸಂಖ್ಯೆ ಕೊಟ್ಟು ಯಾವ ಹೊತ್ತಿಗೆ ಮತ್ತೆ ಬರಬೇಕೆಂದು ಹೇಳಬೇಕು. ಹಾಗೆ ಬಂದವರನ್ನು ಹೊಸಬರಿಗಿಂತ ಮೊದಲು ನೋಡಬೇಕು. ಇಷ್ಟನ್ನು ಮಾಡದೆ ಬರಿ ಮಿತಿ ಹಾಕಿದರೆ ಆಕ್ಷೇಪಿಸುವವರ ಮಾತೇ ಸರಿಯಾಗುತ್ತದೆ.

ಇದೆಲ್ಲ ಎಂಜಿನಿಯರುಗಳ ಪಾಡು, ಜನಕ್ಕೇಕೆ ಎನ್ನುವವರಿಗೆ ಉತ್ತರ ಸರ್ಕಾರದ ಆದೇಶಗಳಲ್ಲೇ ಇದೆ. ಸರ್ವರ್ ಖರೀದಿಗೆ ಬೀಳುವ ದುಡ್ಡು ನಮ್ಮದು, ಕೌಂಟರಿನ ಮುಂದೆ ಕಳೆಯುವ ದಿನವೂ ನಮ್ಮದು. ಹೊಸ ತಂತ್ರಾಂಶದ ಒಪ್ಪಂದದಲ್ಲಿ ಎಷ್ಟು ಕೋರ್, ಎಷ್ಟು ಟೆರಾಬೈಟ್ ಎಂದು ಬರೆಯುವಷ್ಟೇ ಸ್ಪಷ್ಟವಾಗಿ, ಒಂದು ನೋಂದಣಿ ಕನೆಕ್ಷನ್ನನ್ನು ಎಷ್ಟು ಮಿಲಿಸೆಕೆಂಡು ಹಿಡಿಯಬಹುದು, ಪೂಲ್ ತುಂಬಿದಾಗ ಜನರಿಗೆ ಏನು ಕಾಣುತ್ತದೆ, ಹುಡುಕಾಟ ನಿಂತರೂ ನೋಂದಣಿ ನಡೆಯುತ್ತದೆಯೇ ಎಂದು ಬರೆಸಬೇಕು. ದಾಳಿ ಯಾವಾಗ ಬರುತ್ತದೆಂದು ಯಾರಿಗೂ ಮೊದಲೇ ತಿಳಿಯದು. ಆದರೆ ನೋಂದಣಿ ಕಚೇರಿಗಳ ದೊಡ್ಡ ನೂಕುನುಗ್ಗಲುಗಳು ದಾಳಿಯಿಂದ ಬಂದವಲ್ಲ. ಹೊಸ ಮಾರ್ಗಸೂಚಿ ದರ 2023ರ ಅಕ್ಟೋಬರ್ 1ರಂದು ಜಾರಿಯಾಗುತ್ತದೆಂದು ಗೊತ್ತಾದಾಗ ಸೆಪ್ಟೆಂಬರ್ ಕೊನೆಯ ವಾರ ಜನ ಮುಗಿಬಿದ್ದರು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಅಂಥ ಏರಿಕೆಗೆ ಮುನ್ನ ಪತ್ರ ಮುಗಿಸಿಕೊಳ್ಳಲು ಯಾರೇ ಆದರೂ ಆತುರಪಡುತ್ತಾರೆ. ಆ ಎರಡೂ ದಿನಾಂಕಗಳನ್ನು ನಿಗದಿ ಮಾಡಿದ್ದು ಸರ್ಕಾರವೇ. ಅಂಥ ಆದೇಶ ಹೊರಡಿಸುವ ಮುನ್ನ ಆ ದಿನದ ಭಾರವನ್ನು ಪರೀಕ್ಷಾ ಯಂತ್ರದ ಮೇಲೆ ಹೇರಿ ನೋಡಿ, ಯಾವ ಹುಡುಕಾಟ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದು, ಪೂಲ್‌ಗಳನ್ನು ಬೇರೆ ಮಾಡಿ, ಬೇಕಿದ್ದರೆ ಆ ವಾರದ ಮಟ್ಟಿಗೆ ಇಸಿಯನ್ನು ರಾತ್ರಿ ಹೊತ್ತಿಗೆ ಸರಿಸಲು ಇಲಾಖೆಯ ಕೈಯಲ್ಲಿ ಬೇಕಾದಷ್ಟು ಸಮಯವಿರುತ್ತದೆ.